ಎಂಜಿನ್ನಿನ ಕುಂಕುಮ

ಬಹಳ ಹಿಂದೆ, ದೂಧಗಂಗೆಯ ದಂಡೆಯ ಕಬ್ಬು ಆನೆಗಿಂತ ಎತ್ತರ ಬೆಳೆಯುತ್ತಿದ್ದ ಕಾಲದಲ್ಲಿ, ಏಳು ಸಮುದ್ರದ ಆಚೆಯಿಂದ ಸದಲಗಾಕ್ಕೆ ಒಬ್ಬ ಕರಿಯ ರಾಕ್ಷಸ ಬಂದನಂತೆ. ಕಾಲಿಗೆ ಹಗ್ಗ, ಸೊಂಟಕ್ಕೆ ಹಗ್ಗ. ನಾಲ್ಕು ಜೋಡಿ ಎತ್ತು ಎಳೆದರೂ ಗಾಡಿಯ ಅಚ್ಚು ಮುರಿಯಿತಂತೆ. ಬಂದವನೇ ಮನೆಯ ಯಜಮಾನನಿಗೆ ಹೇಳಿದನಂತೆ: "ನನಗೆ ಅನ್ನ ಬೇಡ, ಎಣ್ಣೆ ಕೊಡು. ನಿದ್ದೆ ಬೇಡ, ಕೆಲಸ ಕೊಡು. ವರ್ಷಕ್ಕೊಮ್ಮೆ ಕುಂಕುಮ ಹಚ್ಚು. ಹಚ್ಚಿದ್ದನ್ನು ಮಾತ್ರ ಒರೆಸಬೇಡ. ಒರೆಸಿದ ದಿನ ನಿನ್ನ ಮನೆ ಎರಡಾಗುತ್ತದೆ."

ಈ ಕತೆಯನ್ನು ಶಿವಗಂಗವ್ವ ತನ್ನ ಇಬ್ಬರು ಗಂಡುಮಕ್ಕಳಿಗೆ ಹೇಳಿದ್ದಳು, ಸೊಸೆಯಂದಿರಿಗೆ ಹೇಳಿದ್ದಳು, ಈಗ ಮೊಮ್ಮಗಳು ಅಕ್ಕಾತಾಯಿಗೆ ಹೇಳುತ್ತಿದ್ದಳು. ಅಕ್ಕಾತಾಯಿ ಚಿಕ್ಕೋಡಿಯ ಕಾಲೇಜಿಗೆ ಹೋಗುವ ಹುಡುಗಿ, ಸುಮ್ಮನೆ ಕೇಳುವವಳಲ್ಲ.

"ಆಯಿ, ರಾಕ್ಷಸ ಕನ್ನಡಾ ಮಾತಾಡತಿದ್ದನೋ ಮರಾಠಿನೋ?"

"ನಿಮ್ಮ ಅಜ್ಜಗ ತಿಳಿಯೂ ಹಂಗ ಮಾತಾಡಿದ. ಬಾಯಿ ಮುಚ್ಚಿ ರೊಟ್ಟಿ ತಿನ್ನು."

ರಾಕ್ಷಸ ಎಂದರೆ ಗಾಣದ ಕೊಟ್ಟಿಗೆಯ ಎಂಜಿನ್ನು. ಸ್ವಾತಂತ್ರ್ಯ ಬರುವುದಕ್ಕೆ ಎರಡು ವರ್ಷ ಮುಂಚೆ ಶಿವಗಂಗವ್ವನ ಗಂಡ ಮಿರಜದಲ್ಲಿ ಕೊಂಡು ತಂದ ಇಂಗ್ಲಿಷ್ ಎಂಜಿನ್ನು. ಎರಡು ಕಡೆ ಎದೆಯೆತ್ತರದ ಎರಡು ಗಾಲಿ, ನಡುವೆ ಒಂದೇ ಗುಂಡಿಗೆ. ಆ ಗಾಲಿಗಳ ಅಚ್ಚು, ಅಂದರೆ ಶಾಫ್ಟು, ಅದರ ಒಂದು ತುದಿಗೆ ಪಟ್ಟಾ ಓಡುವ ಪುಲ್ಲಿ ಇತ್ತು. ಚಪ್ಪಟೆ ಪಟ್ಟಾ ಹಾಕಿ ಕಬ್ಬಿನ ಗಾಣ ತಿರುಗಿಸುತ್ತಿದ್ದರು. ಇನ್ನೊಂದು ತುದಿ ಖಾಲಿ. ಆ ಖಾಲಿ ತುದಿಗೆ ಪ್ರತಿ ದಸರೆಯ ಖಂಡೇಪೂಜೆಗೆ ಶಿವಗಂಗವ್ವ ಕುಸುಬಿ ಎಣ್ಣೆಯಲ್ಲಿ ಅರಿಷಿಣ, ಕುಂಕುಮ ಕಲಸಿ ಮೆತ್ತುತ್ತಿದ್ದಳು. ಗಂಡ ಸತ್ತ ಮೇಲೆ ಓಣಿಯವರು, "ನೀ ಕುಂಕುಮಾ ಮುಟ್ಟಬಾರದು" ಅಂದಾಗ, "ರಾಕ್ಷಸಗ ಮುತ್ತೈದಿ ಯಾರು, ರಂಡಿ ಯಾರು, ಗೊತ್ತಾಗಂಗಿಲ್ಲ" ಎಂದು ಬಾಯಿ ಮುಚ್ಚಿಸಿದ್ದಳು.

ಎಂಬತ್ತೇಳನೆಯ ಇಸವಿಯ ಖಂಡೇಪೂಜೆಯ ದಿನ ಮಧ್ಯಾಹ್ನ ಹೋಳಿಗೆಯ ಎಲೆಯ ಮುಂದೆಯೇ ಜಗಳ ಹತ್ತಿತು.

ಎತ್ತಿದವನು ಚಿಕ್ಕ ಮಗ ಮುರಗೆಪ್ಪ. ಹೊಲ, ಗಾಣ ಎಲ್ಲ ಅವನ ಕೈಯಲ್ಲಿ. ಹಳೆಯ ಪುಲ್ಲಿ ಬಿರುಕು ಬಿಟ್ಟಿತ್ತು, ಜಂಗು ಹಿಡಿದು ಶಾಫ್ಟಿಗೇ ಅಂಟಿಕೊಂಡಿತ್ತು. ಹೋದ ವರ್ಷ ಹಸಿ ಕಬ್ಬು ಬಿದ್ದಾಗಲೆಲ್ಲ ಪಟ್ಟಾ ಜಾರಿತ್ತು.

"ಈ ಸಲ ಮೋಟರ ತರ್ತೀನಿ," ಎಂದ. "ಎಂಜಿನ್ನ ಹಳೇ ಕಬ್ಬಿಣದ ಭಂಗಾರದವಗ ಕೊಟ್ಟಬಿಡೂಣು."

ದೊಡ್ಡವನು ವಿರುಪಾಕ್ಷಪ್ಪ ಹೋಳಿಗೆಯನ್ನು ಹಾಲಿನಲ್ಲಿ ಅದ್ದುತ್ತಿದ್ದವನು ಕೈ ತೆಗೆದ. ಅವನದು ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿಣ ಕಡೆಯುವ ಲೇಥ್ ಅಂಗಡಿ. "ಕರೆಂಟ ದಿನಕ್ಕ ಎಷ್ಟ ತಾಸ ಇರ್ತೈತಿ ನಿನಗ ಗೊತ್ತೈತೇನ? ಬೆಲ್ಲಾ ಕಾಸೂ ಕಾಯಲಿಯೊಳಗ ಅರ್ಧಾ ರಸಾ ಬಿದ್ದಿರತೈತಿ, ಕರೆಂಟ ಹೋಗ್ತೈತಿ. ಆಗ ಏನ್ ಮಾಡ್ತಿ, ಕುಣೀತಿ?"

"ಕುಣೀತೀನಿ. ಪಟ್ಟಾ ಜಾರಿದಾಗ ದಿನಾ ಕುಣದೇ ಕುಣದೀನಿ. ನಿನಗ ಅಂಗಡ್ಯಾಗ ಕುಂತ ಏನ ಗೊತ್ತಾಗತೈತಿ."

"ಖಾಲಿ ತುದಿಗೆ ಹೊಸಾ ಪುಲ್ಲಿ ಹಾಕ್ತೀನಿ. ಮೂರ ವ್ಹಿ ಬೆಲ್ಟಿಂದು. ಜಾರಿದ್ರ ನನ್ನ ಹೆಸರ ಕೇಳು."

"ನಿನ್ನ ಲೇಥ ಹಳೇ ಬೋಲ್ಟ ತಿರುವಾಕ ಸೈ, ಅಣ್ಣಾ."

ವಿರುಪಾಕ್ಷಪ್ಪ ಎದ್ದು ಕೈ ತೊಳೆದ. "ಅವ್ವಾ, ದೀವಳಗಿ ಪಾಡ್ಯಾದ ದಿನ ನಿನ್ನ ಎಂಜಿನ್ನ ಗಾಣಾ ತಿರುವ್ತೈತಿ. ನಾ ಮಾತ ಕೊಟ್ಟೀನಿ. ಅಲ್ಲೀತನಕಾ ನಾ ಇವನ ಕೊಟ್ಟಿಗ್ಯಾಗ ಕಾಲ ಇಡಂಗಿಲ್ಲ."

"ಪಾಡ್ಯಾಕ್ಕ ತಿರುಗಲಿಲ್ಲಂದ್ರ ಮೋಟರ ಬರ್ತೈತಿ," ಎಂದ ಮುರಗೆಪ್ಪ. "ಮತ್ತ ಒಲೀನೂ ಬ್ಯಾರೆ."

ಶಿವಗಂಗವ್ವ ತನ್ನ ಎಲೆಯ ಹೋಳಿಗೆಯನ್ನು ಮೊಮ್ಮಗಳ ಎಲೆಗೆ ಎತ್ತಿ ಹಾಕಿದಳು. "ಅದು ಸರಿ ತಿರುಗೂ ತನಕಾ ನನಗ ಬೆಲ್ಲ ಬ್ಯಾಡ, ಕಬ್ಬಿನ ರಸಾನೂ ಬ್ಯಾಡ."

ಇದನ್ನೆಲ್ಲ ಬಡಿಸುತ್ತ ನಿಂತು ಕೇಳಿದವಳು ಸೋನಾಬಾಯಿ, ವಿರುಪಾಕ್ಷಪ್ಪನ ಹೆಂಡತಿ, ಅಕ್ಕಾತಾಯಿಯ ತಾಯಿ. ನಿಪ್ಪಾಣಿಯ ಆಚೆಯ ಮರಾಠಿ ಮನೆಯ ಹುಡುಗಿ; ಈ ಮನೆಗೆ ಬಂದು ಇಪ್ಪತ್ತು ವರ್ಷ. ಮದುವೆಯಾಗಿ ಬಂದಾಗ ಓಣಿಯ ಹೆಂಗಸರು ಆಡಿಕೊಂಡಿದ್ದರು: ಹೊರಗಿನ ಭಾಷೆಯವಳು, ಇಂದಲ್ಲ ನಾಳೆ ಮನೆ ಒಡೆಯುತ್ತಾಳೆ. ಆ ಮಾತಿಗೆ ಹೆದರಿಯೇ ಅವಳು ಇಪ್ಪತ್ತು ವರ್ಷ ಎಲ್ಲರಿಗೂ ಹೂಂ ಅಂದಿದ್ದಳು.

ಮೂರನೆಯ ದಿನ ವಿರುಪಾಕ್ಷಪ್ಪ ಕ್ಯಾಲಿಪರನ್ನು ಒಂದು ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. ಎರಡು ಬಾಗಿದ ಕಾಲಿನ, ಏಡಿಯಂಥ ಅಳತೆಗೋಲು.

"ಶಾಫ್ಟ ತಿಕ್ಕಿ ಸ್ವಚ್ಛ ಮಾಡಬೇಕು. ಎರಡೂ ಕಾಲ ಶಾಫ್ಟಿಗೆ ತುಸು ತಾಗಿ ಸರೀಬೇಕು. ಆಮ್ಯಾಲ ಈ ನಟ್ ಬಿಗಿ ಮಾಡಿ ಹಂಗs ತಗೊಂಬಾ. ಅಲುಗಸಬ್ಯಾಡ."

"ನೀವ ಬಂದ ತಗೋಳ್ರಿ. ನನಗ ಇದು ತಿಳಿಯಂಗಿಲ್ಲ."

"ನಾ ಏನಂದೀನಿ ಕೇಳೀಲ್ಲೇನ?"

ವಿಚಿತ್ರವೆಂದರೆ, ಹಳ್ಳಿಯಿಂದ ಯಾರಾದರೂ ದಾರದಲ್ಲಿ, ಕಡ್ಡಿಯಲ್ಲಿ ಅಳತೆ ತಂದರೆ ಅವರನ್ನು ಬೈದು ಕಳಿಸುತ್ತಿದ್ದವನು ಇದೇ ವಿರುಪಾಕ್ಷಪ್ಪ. "ಅಳತಿ ಅಂದ್ರ ಮದವಿ ಮಾತುಕತಿ ಅಲ್ಲ, ಇನ್ನೊಬ್ಬರ ಕೈಲೆ ಹೇಳಿ ಕಳಸಾಕ" ಎನ್ನುತ್ತಿದ್ದ.

ಕೊಟ್ಟಿಗೆಯಲ್ಲಿ ಅತ್ತೆ ಕಟ್ಟೆಯ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದಳು. ಶಾಫ್ಟಿನ ತುದಿ ಹೊಸ ಕುಂಕುಮದಲ್ಲಿ ಹಸಿ ಗಾಯದಂತೆ ಇತ್ತು. ಸೋನಾಬಾಯಿ ಬೆರಳಿನಿಂದ ಮೇಲಿನ ಪದರ ಸರಿಸಿದಳು. ಕೆಳಗೆ ಗಟ್ಟಿ, ಕುಸುಬಿ ಎಣ್ಣೆ ಒಣಗಿ ಅರಗಿನಂತೆ ಕಲ್ಲಾಗಿತ್ತು. ಉಗುರು ಹೋಗಲಿಲ್ಲ.

"ಅತ್ತೀ, ತುಸು ಕೆರಕೊಳ್ಳಲೇನ್ರಿ? ಅವರು ತಿಕ್ಕು ಅಂದಾರ."

ಶಿವಗಂಗವ್ವ ತಲೆ ಎತ್ತಲಿಲ್ಲ. "ಒರಸಿದವರ ಮನಿ ಏನಾಗತೈತಿ?"

ಸೋನಾಬಾಯಿ ಆ ಕಲ್ಲಿನ ಮೇಲೆಯೇ ಕ್ಯಾಲಿಪರ್ ಇಟ್ಟಳು. ನಟ್ ಬಿಗಿದಳು. ಸೆರಗಿನಲ್ಲಿ ಮುಚ್ಚಿಕೊಂಡು, ಹಾಲು ತುಂಬಿದ ತಪ್ಪಲೆ ಹೊತ್ತವಳಂತೆ ಮೆಲ್ಲಗೆ ಅಂಗಡಿಗೆ ನಡೆದಳು.

ವಿರುಪಾಕ್ಷಪ್ಪ ಅದನ್ನು ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದ, ಇನ್ನೊಮ್ಮೆ ನೋಡಿದ. "ಎರಡ ಇಂಚಿನ ಮ್ಯಾಲ ಒಂದ ಸೂತ? ಇಂಗ್ಲಿಷ್ ಎಂಜಿನ್ನ, ಸೀದಾ ಎರಡ ಇಂಚ ಇರಬೇಕಾಗಿತ್ತು." ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಹೆಂಡತಿಯ ಮುಖ ನೋಡಿದ. "ತಿಕ್ಕಿ ನೋಡಿದ್ಯಾ?"

"ಹೂಂ," ಎಂದಳು ಸೋನಾಬಾಯಿ.

ಕೊಲ್ಲಾಪುರದಿಂದ ಬೀಡುಕಬ್ಬಿಣದ ಎರಕ ಬಂತು, ಒರಟಾದ ಒಂದು ದಪ್ಪ ಗಾಲಿ. ಮರುದಿನದಿಂದ ಅವನು ಕರೆಂಟು ಇದ್ದಷ್ಟು ಹೊತ್ತೂ ಲೇಥಿನ ಮುಂದೆಯೇ. ಸೋನಾಬಾಯಿ ಬುತ್ತಿ ಒಯ್ದಾಗ ಹುಬ್ಬು, ಮೀಸೆ ಎಲ್ಲ ಬೀಡಿನ ಕರಿ ಪುಡಿ. ತಿರುಗುವ ಗಾಲಿಯ ಮೈಗೆ ಕೊರೆಯುವ ಹತಾರದ ಹಲ್ಲು ತಾಗಿದೊಡನೆ ಪುಡಿ ಉದುರಿ, ಕೆಳಗಿನ ಬೆಳ್ಳಿ ಬಣ್ಣ ಹೊರಬರುತ್ತಿತ್ತು. ಮೊದಲು ನಡುವಿನ ತೂತು. ಆಮೇಲೆ ಅಂಚಿನಲ್ಲಿ ಪಟ್ಟಾ ಕೂರುವ ಮೂರು ತೋಡು. ತಗಡಿನ ತುಂಡೊಂದನ್ನು ಪಟ್ಟಾದ ಮಗ್ಗುಲಿನ ಇಳಿಜಾರಿಗೇ ಕತ್ತರಿಸಿಟ್ಟುಕೊಂಡು, ತೋಡಿನಲ್ಲಿ ಇಳಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಇಷ್ಟ್ಯಾಕ ನೋಡ್ತೀರಿ?"

"ಪಟ್ಟಾ ತಳಕ್ಕ ಕೂತ್ರ ಜಾರತೈತಿ. ತಳಕ್ಕ ತಾಗದs ಎರಡೂ ಮಗ್ಗಲಾ ಹಿಡಕೊಂಡಿರಬೇಕು. ಅಂದ್ರ ಬಿಗಿ." ಅವನು ನಕ್ಕ. ಜಗಳವಾದ ಮೇಲೆ ಮೊದಲ ಸಲ. "ಮುರಗ್ಯಾ ನೋಡಲಿ, ಬೋಲ್ಟ ತಿರುವಾಂವ ಏನ ಮಾಡ್ಯಾನ ಅಂತ."

ಆಗ ಹೇಳಬಹುದಿತ್ತು. ಸೋನಾಬಾಯಿಯ ನಾಲಿಗೆಯ ತುದಿಗೂ ಬಂತು. ಆದರೆ ಅವನು ನಗುವಾಗ ಹೇಳುವುದೆಂತು ಎಂದು ಬುತ್ತಿಯ ಬಟ್ಟೆ ಮಡಚಿಕೊಂಡು ಬಂದುಬಿಟ್ಟಳು.

ಪಾಡ್ಯಕ್ಕೆ ಆರು ದಿನ ಇರುವಾಗ ಪುಲ್ಲಿ ಗಾಡಿಯಲ್ಲಿ ಕೊಟ್ಟಿಗೆಗೆ ಹೋಯಿತು. ವಿರುಪಾಕ್ಷಪ್ಪ ಹೋಗಲಿಲ್ಲ. ಮುರಗೆಪ್ಪ ಇಬ್ಬರು ಆಳುಗಳೊಡನೆ ಏರಿಸಿದ. ಪುಲ್ಲಿ ಜಾರದಂತೆ ಬೆಣೆಯ ಹಾಗೆ ಹೊಡೆಯುವ ಚಾವಿ ಕೂರುವ ಸೀಳಿನಲ್ಲಿ ತುಂಬಿದ್ದ ಕುಂಕುಮವನ್ನಷ್ಟೇ ಸ್ಕ್ರೂಡ್ರೈವರಿನಿಂದ ಕೆದರಿದ, ಪುಲ್ಲಿ ಬಡಿದು ಕೂರಿಸಿದ, ಚಾವಿ ಹೊಡೆದ. ಬಿಗಿಯಾಗಿಯೇ ಕೂತಿತು. ಹ್ಯಾಂಡಲ್ ತಿರುವಿದರು, ಧಕ್, ಧಕ್, ಧಕ್ ಎಂದು ರಾಕ್ಷಸ ಎದ್ದ. ಮೂರು ಪಟ್ಟಾ ಒಂದೇ ಸಮ ಓಡಿದವು. ಗಾಣಕ್ಕೆ ಕಬ್ಬು ಕೊಟ್ಟರೆ ಒಂದು ಚೂರೂ ಜಾರಲಿಲ್ಲ.

"ಬೆಷ್ಟ್," ಎಂದ ಮುರಗೆಪ್ಪ, ಮನಸ್ಸಿಲ್ಲದ ಮನಸ್ಸಿನಿಂದ.

ಅರ್ಧ ತಾಸಾಗಿರಬಹುದು. ಶಾಫ್ಟಿನ ಕೆಳಗೆ ನೆಲದ ಮೇಲೆ ಏನೋ ಕೆಂಪಗೆ ಉದುರತೊಡಗಿತು. ಮೊದಲು ಚಿಟಿಕೆಯಷ್ಟು, ಆಮೇಲೆ ಹಿಡಿಯಷ್ಟು. ಪುಲ್ಲಿ ತಲೆ ಅಲ್ಲಾಡಿಸತೊಡಗಿತು, ಕುಡಿದವನ ಹಾಗೆ. ಒಂದು ಪಟ್ಟಾ ಹಾರಿ ಮುರಗೆಪ್ಪನ ಮೊಣಕೈಗೆ ಬಾರಿಸಿತು. ಎಂಜಿನ್ನು ನಿಲ್ಲಿಸುವಷ್ಟರಲ್ಲಿ ಚಾವಿ ಕಳಚಿ ಬಿದ್ದಿತ್ತು.

ಶಿವಗಂಗವ್ವ ಆ ಕೆಂಪನ್ನೇ ನೋಡುತ್ತ ನಿಂತಳು. "ರಗತ ಕಾರತು," ಎಂದಳು ಮೆಲ್ಲಗೆ.

"ರಗತ ನಂದು, ಇಲ್ಲಿ ನೋಡು," ಎಂದು ಮುರಗೆಪ್ಪ ಮೊಣಕೈ ತೋರಿಸಿದ. "ಸಾಕಾತು. ನಾಳೆ ಚಿಕ್ಕೋಡಿಗೆ ಹೋಗಿ ಮೋಟರ ಹೇಳಿ ಬರ್ತೀನಿ."

ಪುಲ್ಲಿ ಅದೇ ಗಾಡಿಯಲ್ಲಿ ಅಂಗಡಿಗೆ ವಾಪಸು ಬಂತು. ವಿರುಪಾಕ್ಷಪ್ಪ ಅದರ ತೂತಿನಲ್ಲಿ ಬೆರಳು ಆಡಿಸಿದ, ಅಳೆದ. ಎರಡು ಇಂಚು, ಒಂದು ಸೂತ. ಅವನು ಕೊರೆದದ್ದು ಹಾಗೆಯೇ ಇತ್ತು. ಮನೆಗೆ ಬಂದು ತಟ್ಟೆಯ ಮುಂದೆ ಕೂತ. ಬದನೆಕಾಯಿ ಎಣಗಾಯಿ ಆರಿತು, ರೊಟ್ಟಿ ಚಕ್ಕೆಯಾಯಿತು.

"ಉಣ್ರಿ."

"ಕೈ ಹೋತು ನಂದು," ಎಂದ. "ಲೇಥ ಹಿಡದ ಇಪ್ಪತ್ತೆರಡ ವರ್ಷಕ್ಕ ಕೈ ಹೋತು."

ಮರುದಿನ ಅಂಗಡಿ ತೆರೆಯಲಿಲ್ಲ. ಅದೇ ಬೆಳಿಗ್ಗೆ ಮುರಗೆಪ್ಪನ ಹೆಂಡತಿ ಕಾಳವ್ವ ಹಿತ್ತಿಲಲ್ಲಿ ಮೂರು ದೊಡ್ಡ ಕಲ್ಲು ಹೂಡಿ ಒಲೆ ಹಚ್ಚಿದಳು.

"ಪಾಡ್ಯಾ ಇನ್ನೂ ಐದ ದಿನಾ ಐತೆಲ್ಲ, ಕಾಳವ್ವಾ," ಎಂದಳು ಸೋನಾಬಾಯಿ.

"ರೂಢಿ ಆಗಲಿ ಅಂತ ಅಕ್ಕಾ. ಈ ಮನ್ಯಾಗ ಕಬ್ಬಿಣಕ್ಕ ವರ್ಷಕ್ಕೊಮ್ಮಿ ಕುಂಕುಮಾ, ನನಗ ವರ್ಷಕ್ಕೊಂದ ಸೀರಿ ಇಲ್ಲ. ನಮ್ಮದ ನಾವು ಮಾಡಕೋತೇವಿ."

ಅಕ್ಕಾತಾಯಿ ಕಾಗದದ ಪೊಟ್ಟಣವೊಂದನ್ನು ತಾಯಿಯ ಮುಂದೆ ಬಿಚ್ಚಿದಳು. ಕೊಟ್ಟಿಗೆಯ ನೆಲದಿಂದ ಬಳಿದು ತಂದ ಕೆಂಪು ಪುಡಿ. "ಅವ್ವಾ, ರಗತಕ್ಕ ಅರಿಷಿಣದ ವಾಸನಿ ಬರ್ತೈತೇನ? ಇದು ಆಯಿ ಹಚ್ಚಿದ್ದು. ಅಪ್ಪಾ ತಿಕ್ಕು ಅಂತ ಹೇಳಿದ್ನಲ್ಲ ನಿನಗ."

ಸೋನಾಬಾಯಿ ಪುಡಿಯನ್ನು ನೋಡಿದಳು, ಮಗಳನ್ನು ನೋಡಲಿಲ್ಲ.

"ಹಂಗಾರ ಅಪ್ಪನ ಕೈ ಹೋಗಿಲ್ಲ," ಎಂದಳು ಅಕ್ಕಾತಾಯಿ. "ಅಪ್ಪಾ ಉಪವಾಸ ಕುಂತಾನ. ನೀ ಹೇಳ್ತೀಯೋ ನಾ ಹೇಳಲ್ಯೋ?"

"ನಾ ಹೇಳ್ತೀನಿ. ಮೊದಲ ಒಂದ ಕೆಲಸಾ ಐತಿ."

ಚಿಮಣಿ ಎಣ್ಣೆಯ ಬಾಟಲಿ, ಹಳೆಯ ಧೋತರದ ಚೂರು, ತೆಂಗಿನ ಚಿಪ್ಪಿನ ಒಡಕು ತೆಗೆದುಕೊಂಡು ಅವಳು ನಡು ಮಧ್ಯಾಹ್ನ ಕೊಟ್ಟಿಗೆಗೆ ಹೋದಳು. ಎಣ್ಣೆ ಸವರಿ ಕೆರೆದಳು. ಉಳಿದಿದ್ದ ಕುಂಕುಮ ಮೊದಲು ಕೆಂಪಾಗಿ ಬಂತು, ಆಮೇಲೆ ಕಂದಾಗಿ, ಆಮೇಲೆ ಅರಿಷಿಣವೋ ಕುಂಕುಮವೋ ತಿಳಿಯದಷ್ಟು ಕಪ್ಪಾಗಿ. ತನ್ನ ಇಪ್ಪತ್ತು ವರ್ಷ ಎಲ್ಲಿ ಮುಗಿಯಿತು, ಅತ್ತೆಯ ವರ್ಷಗಳು ಎಲ್ಲಿ ಸುರುವಾದವು ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಚಿಪ್ಪು ಕಿರ್ ಎಂದಿತು. ಕೆಳಗೆ ಉಕ್ಕು, ಅಂಗಡಿಯಿಂದ ಈಗ ತಂದಂತೆ ಹೊಳೆಯುವ ಉಕ್ಕು.

"ಕೆರದಿ," ಎಂದಿತು ಹಿಂದಿನಿಂದ ದನಿ.

ಶಿವಗಂಗವ್ವ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು.

"ಹೂಂ ಅತ್ತೀ. ಕೆರದೆ."

"ಮನಿ ಎರಡ ಆಗ್ತೈತಿ ಅಂತ ಹೇಳಿದ್ದೆ."

"ಹಿತ್ತಲದಾಗ ಹೊಗಿ ನೋಡೀರಿಲ್ಲೋ? ಒರಸೂಕಿಂತ ಮೊದಲ ಎರಡ ಆಗೇತಿ."

ಮುದುಕಿ ಹತ್ತಿರ ಬಂದು ಬೆತ್ತಲೆ ಉಕ್ಕಿನ ಮೇಲೆ ಅಂಗೈ ಇಟ್ಟಳು. "ಅವರು ತೀರಿ ಹ್ವಾದ ದಿನಾ ಮಂದಿ ನನ್ನ ಹಣೀದ ಕುಂಕುಮಾ ಒರಸಿದ್ರು. ಇದರದ ಒರಸಾಕ ಯಾರಿಗೂ ಬಿಡಬಾರದು ಅಂತ ಆ ಮಾತ ಕತಿಯೊಳಗ ನಾನ ಸೇರಿಸಿದೆ. ರಾಕ್ಷಸ ಏನ ಹೇಳಿರಲಿಲ್ಲ."

ಸೋನಾಬಾಯಿಗೆ ಅಳು ಬಂತೋ ಸಿಟ್ಟು ಬಂತೋ, ಅವಳು ಕೈಯಲ್ಲಿದ್ದ ಚಿಪ್ಪನ್ನು ನೆಲದ ಮೇಲಿಟ್ಟಳು. ಶಿವಗಂಗವ್ವ ಕೆರೆದ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಗಂಡನ ಮುಂದೆ ಸೋನಾಬಾಯಿ ನಿಂತೇ ಹೇಳಿದಳು. "ನಾ ತಿಕ್ಕಿರಲಿಲ್ಲ. ಕುಂಕುಮದ ಮ್ಯಾಲ ಅಳತಿ ತಗೊಂಡ ಬಂದೆ. ನೀವ ಕೇಳಿದಾಗ ಸುಳ್ಳ ಹೇಳಿದೆ. ನಿಮ್ಮ ಕೈ ಹೋಗಿಲ್ಲ."

ವಿರುಪಾಕ್ಷಪ್ಪ ಅವಳನ್ನು ದಿಟ್ಟಿಸಿದ. ಬೈಯುತ್ತಾನೆ ಎಂದುಕೊಂಡಳು; ಬೈದಿದ್ದರೆ ಚೆನ್ನಾಗಿತ್ತು. "ಅವ್ವಗ ಅಂಜೀದಿ. ಮುರಗ್ಯಾಗ ಅಂಜೀದಿ. ಓಣಿ ಮಂದಿಗೆ ಅಂಜೀದಿ," ಎಂದ. "ನನಗ ಒಬ್ಬಂವಗ ಸುಳ್ಳ ಹೇಳಬಹುದು ಅನಸ್ತಲ್ಲ ನಿನಗ." ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವಳೊಡನೆ ಮಾತು ಬಿಟ್ಟ.

ಆದರೆ ಹೋದದ್ದು ಕೊಟ್ಟಿಗೆಗೆ. ಮುರಗೆಪ್ಪ ಅಲ್ಲಿ ಮೋಟರಿಗೆ ಕಟ್ಟೆ ಕಟ್ಟಲು ಇಟ್ಟಿಗೆ ಎಣಿಸುತ್ತಿದ್ದ.

"ಕಾಲ ಇಡಂಗಿಲ್ಲ ಅಂದಿದ್ದಿ?"

"ಅಂದಿದ್ನಿ. ಅದs ತಪ್ಪಾತು." ವಿರುಪಾಕ್ಷಪ್ಪ ಕ್ಯಾಲಿಪರ್ ತೆಗೆದ. "ಗಿರಾಕಿಗೆಲ್ಲ ಬುದ್ಧಿ ಹೇಳಾಂವ, ನಾನ ಇನ್ನೊಬ್ಬರ ಕೈಲೆ ಅಳತಿ ತರಸೀನಿ." ಅಳೆದ. ಎರಡು ಇಂಚು, ಕೂದಲೆಳೆಯೂ ಹೆಚ್ಚಿಲ್ಲ. ಹೆಂಡತಿಯ ಹೆಸರನ್ನು ಅವನು ಎತ್ತಲಿಲ್ಲ.

ಮುರಗೆಪ್ಪ ಇಟ್ಟಿಗೆ ಬಿಟ್ಟು ಬಂದು ನೋಡಿದ. "ಚಾವಿ ಸೀಳಿನ್ಯಾಗಿನ ಕುಂಕುಮಾ ನಾನs ಕೆದರೀನಿ. ಶಾಫ್ಟಿನ ಮ್ಯಾಲಿಂದೂ ಕಂಡಿತ್ತು, ಬೇಕಂತ ಬಿಟ್ಟೆ." ಮೊಣಕೈ ಸವರಿಕೊಳ್ಳುತ್ತ, "ಬಿದ್ರ ಬೀಳಲಿ, ಅಣ್ಣನ ಸೊಕ್ಕ ಇಳೀಲಿ ಅನಿಸಿತ್ತು" ಎಂದ.

"ಇಳದೈತಿ."

"ಹೂಂ. ಚಿಕ್ಕೋಡಿಯವರು ಮೋಟರಿಗೆ ಪಾಡ್ಯಾದ ಮರುದಿನ ಬಾ ಅಂದಾರ. ಅಲ್ಲೀತನಕಾ ನೋಡು."

ಹೊಸ ಎರಕ ತರಿಸಲು ದಿನವಿರಲಿಲ್ಲ. ದೊಡ್ಡದಾದ ತೂತನ್ನು ಸಣ್ಣದು ಮಾಡಬೇಕಾದರೆ ಮೊದಲು ಅದನ್ನು ಇನ್ನೂ ದೊಡ್ಡದು ಮಾಡಬೇಕು. ವಿರುಪಾಕ್ಷಪ್ಪ ತೂತನ್ನು ಎರಡೂವರೆ ಇಂಚಿಗೆ ಕೊರೆದ. ಅದರಲ್ಲಿ ಕೂರಲು ಉಕ್ಕಿನ ಬಳೆಯಂಥ ಬುಶ್ ಮಾಡಿದ, ತೂತಿಗಿಂತ ಒಂದು ಎಳೆ ದಪ್ಪ. ಬೀಡನ್ನು ಕಾಯಿಸಿದರೆ ತೂತು ಅರಳುತ್ತದೆ. ಆಗ ಬುಶ್ ಇಳಿಸಿದರೆ ಆರಿದ ಮೇಲೆ ಹಿಡಿದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ.

ಇಷ್ಟಾಗುವಾಗ ಪಾಡ್ಯದ ಬೆಳಗೇ ಬಂತು. ಪುಲ್ಲಿ ಕಾಯಿಸುವುದೆಲ್ಲಿ? ಅಡುಗೆಮನೆಯ ಒಲೆಯಲ್ಲಿ ಅದು ಹಿಡಿಸಲಿಲ್ಲ. ಊರಿನ ಕಮ್ಮಾರ ಹಬ್ಬಕ್ಕೆಂದು ಕುಲುಮೆ ಆರಿಸಿದ್ದ. ವಿರುಪಾಕ್ಷಪ್ಪ ಗಾಲಿಯನ್ನು ಉರುಳಿಸಿಕೊಂಡು ಹಿತ್ತಿಲಿಗೆ ಬಂದ. ಕಾಳವ್ವನ ಮೂರು ಕಲ್ಲಿನ ಒಲೆಯ ಮೇಲೆ ಗಡಿಗೆ ಕುದಿಯುತ್ತಿತ್ತು.

"ಭಾವಾರ, ನನ್ನ ಬ್ಯಾಳಿ ಇನ್ನೂ ಬೆಂದಿಲ್ಲ."

"ಒಂದ ತಾಸ, ತಾಯಿ."

ಅವಳು ಗಡಿಗೆ ಇಳಿಸಿದಳು. ಎಲ್ಲಿ ಇಡಲಿ ಎಂದು ಒಂದು ಗಳಿಗೆ ನಿಂತು, ಕೊನೆಗೆ ಸೋನಾಬಾಯಿಯ ಒಲೆಯ ಮೇಲೆ ಒಯ್ದಿಟ್ಟಳು. "ಬೇಯೂ ತನಕಾ ಅಷ್ಟs," ಎಂದಳು.

ಜಾಲಿಯ ಕಟ್ಟಿಗೆ ಉರಿಯಿತು. ವಿರುಪಾಕ್ಷಪ್ಪ ಚಿಮಟದಲ್ಲಿ ಬುಶ್ ಹಿಡಿದು ನಿಂತ. ಬೀಡು ಕಾದದ್ದು ಕಣ್ಣಿಗೆ ಕಾಣುವುದಿಲ್ಲ. ಕಡಿಮೆಯಾದರೆ ಬುಶ್ ಅರ್ಧಕ್ಕೆ ಸಿಕ್ಕು ಎಲ್ಲ ಹಾಳು. ಅವನು ಎರಡು ಸಲ ನೀರು ಚಿಮುಕಿಸಿ ನೋಡಿದ. ಎರಡೂ ಸಲ ಅನುಮಾನ. ಐದು ದಿನದಿಂದ ಮಾತಾಡದವನು ಕೊನೆಗೆ ಕೇಳಿದ: "ಹಂಚ ಕಾದದ್ದು ನೀವು ಹ್ಯಾಂಗ ನೋಡ್ತೀರಿ?"

ಸೋನಾಬಾಯಿ ಒಳಗಿನಿಂದ ಜೋಳದ ಹಿಟ್ಟು ತಂದು ಗಾಲಿಯ ಮೈಮೇಲೆ ಚಿಟಿಕೆ ಉದುರಿಸಿದಳು. ಬಿಳಿಯಾಗಿಯೇ ಉಳಿಯಿತು.

"ಇನ್ನೂ ಇಲ್ರಿ."

ಇನ್ನೆರಡು ಕಟ್ಟಿಗೆ ಸೇರಿಸಿದರು. ಮತ್ತೆ ಉದುರಿಸಿದಳು. ಹಿಟ್ಟು ಮೆಲ್ಲಗೆ ಕೆಂಪಾಗಿ, ಕಂದಾಗಿ, ಸೀದ ರೊಟ್ಟಿಯ ವಾಸನೆ ಬಂತು.

"ಈಗ ಇಳಸ್ರಿ."

ಬುಶ್ ಟಕ್ ಎಂದು ತಳ ಮುಟ್ಟಿತು.

ಮಧ್ಯಾಹ್ನ ಕರೆಂಟು ಬಂದಾಗ ಬುಶ್‌ನ ಒಳಮೈಯನ್ನು ಲೇಥಿನ ಮೇಲೆ ಎರಡು ಇಂಚಿಗೆ ಸರಿಯಾಗಿ ತಿರುವಿ, ಚಾವಿಯ ಸೀಳನ್ನು ಕಾನಸೆಂಬ ಅರದಿಂದ ತಿಕ್ಕಿದ. ಸಂಜೆಯ ಬಿಸಿಲು ಕೊಟ್ಟಿಗೆಗೆ ಓರೆಯಾಗುವ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಪುಲ್ಲಿ ಎತ್ತಿದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಇತ್ಲಾಗ" "ಅತ್ಲಾಗ" ಎಂಬೆರಡೇ ಮಾತು. ಮುರಗೆಪ್ಪನ ಮೊಣಕೈ ಇನ್ನೂ ಬಾತಿತ್ತು. ಇಟ್ಟಿಗೆಗಳು ಮೂಲೆಯಲ್ಲಿ ಹಾಗೆಯೇ ಇದ್ದವು.

ರಾಕ್ಷಸ ಎದ್ದ. ಧಕ್, ಧಕ್, ಧಕ್. ಅರ್ಧ ತಾಸು ಕಳೆಯಿತು. ಒಂದು ತಾಸು ಕಳೆಯಿತು. ಹಸಿ ಕಬ್ಬು, ದಪ್ಪ ಕಬ್ಬು, ಗಣಿಕೆಯ ಕಬ್ಬು, ಕೊಟ್ಟದ್ದನ್ನೆಲ್ಲ ಗಾಣ ಹಿಂಡಿತು. ಶಿವಗಂಗವ್ವ ತಂಬಿಗೆಯೊಡ್ಡಿ ಮೊದಲ ರಸ ಹಿಡಿದಳು, ಆದರೆ ಕುಡಿಯಲಿಲ್ಲ. ಶಾಫ್ಟಿನ ಕಡೆಗೇ ನೋಡುತ್ತಿದ್ದಳು. ಅಲ್ಲಿ ಕೆಳಗೆ ಸೋನಾಬಾಯಿ ಬಿಳಿ ಧೋತರದ ಚೂರೊಂದನ್ನು ಹಾಸಿ, ಮೂಲೆಗಳಿಗೆ ಕಲ್ಲಿಟ್ಟಿದ್ದಳು. ಕಬ್ಬಿನ ಒಣಗರಿಯ ರವದಿ ಬಿತ್ತು. ಎರಡು ಹನಿ ಕರಿ ಎಣ್ಣೆ ಬಿತ್ತು.

ಕಾಯಲಿ ತುಂಬಿದ ಮೇಲೆ ಮುರಗೆಪ್ಪ ಎಂಜಿನ್ನು ನಿಲ್ಲಿಸಿದ. ಗಾಲಿಗಳು ತಡವಾಗಿ, ಮೆಲ್ಲಗೆ, ಮನಸ್ಸಿಲ್ಲದೆ ನಿಂತವು. ಸೋನಾಬಾಯಿ ಬಟ್ಟೆ ಎತ್ತಿಕೊಂಡು, ಪುಲ್ಲಿ ಶಾಫ್ಟನ್ನು ಸೇರುವ ಸಂದಿಯ ಸುತ್ತ ಒತ್ತಿ ಎಳೆದಳು.

ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ ವಿರುಪಾಕ್ಷಪ್ಪ ತಿರುಗದೆಯೇ ಕೇಳಿದ:

"ತಿಕ್ಕಿ ನೋಡಿದ್ಯಾ?"

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಕಪ್ಪಿತ್ತು, ಕೆಂಪಿರಲಿಲ್ಲ.

"ಹೂಂ," ಎಂದಳು.

ಶಿವಗಂಗವ್ವ ತಂಬಿಗೆಯನ್ನು ತುಟಿಗೆ ಏರಿಸಿದಳು.